ಬೇಸಿಗೆಯ ಬೆಟ್ಟ, ಬೆಚ್ಚನೆ ಬಟ್ಟೆ ಮತ್ತು "ಗಟ್ಟಿ ಮೈ" ಅನ್ನೋ ಸುಳ್ಳು



ಏಪ್ರಿಲ್ ಬಂತು ಅಂದ್ರೆ ನಮ್ಮ ಹುಡುಗರಿಂದ ಒಂದೇ ಥರದ ಮೆಸೇಜ್ ಶುರುವಾಗುತ್ತೆ. "ಅಣ್ಣಾ, ಜೂನ್‌ನಲ್ಲಿ ಹಿಮಾಚಲಕ್ಕೆ ಟ್ರೆಕ್ಕಿಂಗ್ ಹೋಗ್ತಿದ್ದೀವಿ. ಬೇಸಿಗೆ ತಾನೆ, ಒಂದು ಜಾಕೆಟ್ ಸಾಕಲ್ವಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಎಲ್ಲ ಒಂದೇ ಕಡೆ ಬರೀತಿದ್ದೀನಿ. ಉದ್ದ ಆಗುತ್ತೆ. ಹೋಗೋರು ಪೂರ್ತಿ ಓದಿ, ಹೋಗದವರೂ ಓದಿ. ಯಾಕಂದ್ರೆ ಇದು ಬರೀ ಬೆಟ್ಟದ ವಿಷಯ ಅಲ್ಲ.

ಒಂದು ಜಾಕೆಟ್ ಸಾಕಾಗಲ್ಲ.

ಮೊದಲು ಲೆಕ್ಕ ನೋಡೋಣ. ಆಫೀಸಿನಲ್ಲಿ ದಿನಾ ಲೆಕ್ಕ ಬರೆಯೋ ಕೈ ಇದು, ಲೆಕ್ಕದಿಂದ ಶುರು ಮಾಡಿದ್ರೇನೇ ನನಗೆ ಸಮಾಧಾನ. ಒಂದು ಸಾವಿರ ಮೀಟರ್ ಮೇಲೆ ಹತ್ತಿದ್ರೆ ಸುಮಾರು 6.5 ಡಿಗ್ರಿ ಉಷ್ಣಾಂಶ ಇಳಿಯುತ್ತೆ. ಮನಾಲಿ ಇರೋದು ಸುಮಾರು 2,050 ಮೀಟರ್ ಎತ್ತರದಲ್ಲಿ. ಅಲ್ಲಿಂದ ನಮ್ಮ ಹುಡುಗರು ಹೆಚ್ಚಾಗಿ ಹೋಗೋ ಹಂಪ್ತಾ ಪಾಸ್ ಸುಮಾರು 4,270 ಮೀಟರ್. ನಡುವಿನ ವ್ಯತ್ಯಾಸ 2,200 ಮೀಟರ್, ಅಂದ್ರೆ ಹದಿನಾಲ್ಕು ಡಿಗ್ರಿ ಕಮ್ಮಿ. ಜೂನ್ ತಿಂಗಳ ಒಂದು ರಾತ್ರಿ ಮನಾಲಿಯಲ್ಲಿ 12 ಡಿಗ್ರಿ ಇದೆ ಅಂತ ಇಟ್ಕೊಳ್ಳಿ, ಪಾಸ್ ಮೇಲೆ ಅದೇ ಹೊತ್ತಿಗೆ ಸೊನ್ನೆಗಿಂತ ಎರಡು ಕೆಳಗೆ. ಇದು ಗಾಳಿ ಇಲ್ಲದಾಗಿನ ಲೆಕ್ಕ. ಗಾಳಿ ಬೀಸಿದ್ರೆ ಮೈಗೆ ತಾಗೋ ಚಳಿ ಇನ್ನೂ ಜಾಸ್ತಿ. ಮೈ ಒದ್ದೆ ಆದ್ರಂತೂ ಮುಗೀತು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಮೈ ಬಿಸಿ ಎಳ್ಕೊಂಡು ಹೋಗುತ್ತೆ.

ಮಧ್ಯಾಹ್ನ ಅದೇ ಜಾಗದಲ್ಲಿ ಟೀ ಶರ್ಟಲ್ಲಿ ಬೆವರಿರ್ತೀರಿ. ಬಿಸಿಲಿಗೆ ಮುಖ ಸುಟ್ಟಿರುತ್ತೆ. ನಾಲ್ಕು ಗಂಟೆಗೆ ಮೋಡ ಮುಚ್ಚಿ, ಮಳೆಯೋ ಆಲಿಕಲ್ಲೋ ಬಂದು, ಅರ್ಧ ಗಂಟೆಯೊಳಗೆ ಕೈಬೆರಳು ಮಡಚೋಕೆ ಆಗದ ಹಾಗೆ ಆಗುತ್ತೆ. ಕೋಲಾರದ ನಮಗೆ ಬೇಸಿಗೆ ಅಂದ್ರೆ ಇಡೀ ದಿನ ಬೇಸಿಗೆ. ಅಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲ ಮೂರೂ ಒಂದೇ ದಿನದಲ್ಲಿ ಬಂದು ಹೋಗ್ತವೆ.

2024ರ ಜೂನ್ ಮೊದಲ ವಾರದ ಸುದ್ದಿ ನೆನಪಿರಬೇಕು ನಿಮಗೆ. ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಬೆಂಗಳೂರಿನಿಂದ ಹೋದ ಚಾರಣಿಗರಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿಹಾಕಿಕೊಳ್ತು. ಒಂಬತ್ತು ಜನ ವಾಪಸ್ ಬರಲಿಲ್ಲ. ಹದಿಮೂರು ಜನರನ್ನ ಉಳಿಸಿದ್ರು. ತೀರಿಕೊಂಡವರಲ್ಲಿ ವರ್ಷಗಟ್ಟಲೆ ಬೆಟ್ಟ ಹತ್ತಿದವರಿದ್ರು. ಅವರು ಏನು ಒಯ್ದಿದ್ರು, ಏನು ಬಿಟ್ಟಿದ್ರು ಅಂತ ಇಲ್ಲಿ ಕೂತು ಮಾತಾಡೋದು ನನ್ನ ಕೆಲಸ ಅಲ್ಲ, ಅದು ಸರಿಯೂ ಅಲ್ಲ. ನಾನು ಹೇಳೋದು ಇಷ್ಟೆ. ಅದು ಜೂನ್ ತಿಂಗಳು. ಕ್ಯಾಲೆಂಡರ್‌ನಲ್ಲಿ ಬೇಸಿಗೆ ಅಂತಾನೇ ಇತ್ತು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ನಮ್ಮ ಹುಡುಗರು ಬಟ್ಟೆ ಕಮ್ಮಿ ತಗೊಂಡು ಹೋಗೋಕೆ ದುಡ್ಡು ಒಂದು ಕಾರಣ, ನಿಜ. ಆದರೆ ಇನ್ನೊಂದು ಕಾರಣ ಇದೆ. ಅದು ನಮ್ಮ ತಲೆಯೊಳಗೆ ಕೂತಿದೆ.

"ಅವರ ಮೈ ಗಟ್ಟಿ. ಅವರಿಗೆ ಚಳಿ ಮಳೆ ತಾಗಲ್ಲ."

ಈ ಮಾತನ್ನ ನಮ್ಮೂರಿನ ಜಮೀನ್ದಾರರ ಬಾಯಲ್ಲಿ ಎಷ್ಟು ಸಲ ಕೇಳಿದ್ದೀನೋ. ರಾತ್ರಿ ನೀರು ಕಟ್ಟೋಕೆ ಕಳಿಸೋವಾಗ, ಮಳೆಯಲ್ಲಿ ಹುಲ್ಲು ಹೊರಿಸೋವಾಗ, ಹೊರಗಡೆ ಕೊಟ್ಟಿಗೆಯಲ್ಲಿ ಮಲಗಿಸೋವಾಗ ಹೇಳೋ ಮಾತು ಅದು. ಕೇಳೋಕೆ ಹೊಗಳಿಕೆ ಥರ ಇರುತ್ತೆ. ಅದರ ಒಳಗಡೆ ಇರೋದು ಒಂದು ಕಂಬಳಿ ಉಳಿಸೋ ಲೆಕ್ಕ. ಗಟ್ಟಿ ಮೈ ಇರೋನಿಗೆ ಕಂಬಳಿ ಯಾಕೆ ಕೊಡಬೇಕು? ಕೇಳಿ ಕೇಳಿ ನಮ್ಮವರೂ ಅದನ್ನ ನಂಬಿದ್ರು. ಚಳಿ ತಡ್ಕೊಳ್ಳೋದೇ ಹೆಮ್ಮೆ ಅಂದ್ಕೊಂಡ್ರು. ಈಗ ಡಿಗ್ರಿ ಮುಗಿಸಿ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡೋ ಹುಡುಗ ಕೂಡ "ನಮಗೆಲ್ಲ ಅಭ್ಯಾಸ ಇದೆ ಬಿಡಣ್ಣಾ" ಅಂತಾನೆ. ಯಾವ ಅಭ್ಯಾಸಾನಪ್ಪ? ಎಲ್ಲರ ಮೈ ಬಿಸೀನೂ 37 ಡಿಗ್ರಿ. 35ಕ್ಕಿಂತ ಕೆಳಗಿಳಿದ್ರೆ ಎಲ್ಲರಿಗೂ ಅಪಾಯ. ಗೌಡರ ಮಗನಿಗೂ ಅಷ್ಟೆ, ನಮ್ಮ ಮಗನಿಗೂ ಅಷ್ಟೆ.

ನಾನು ಓದಿದ ಹಾಸ್ಟೆಲ್‌ನಲ್ಲಿ ತಲೆಗೊಂದು ತೆಳ್ಳನೆ ಹೊದಿಕೆ ಕೊಡ್ತಿದ್ರು. ಡಿಸೆಂಬರ್‌ನಲ್ಲಿ ಅದು ಯಾವ ಮೂಲೆಗೂ ಸಾಲ್ತಿರಲಿಲ್ಲ. ಕೇಳಿದ್ರೆ "ಅಡ್ಜಸ್ಟ್ ಮಾಡ್ಕೊಳ್ರೋ" ಅನ್ನೋರು. ನಾವು ಇಬ್ಬಿಬ್ಬರು ಒಟ್ಟಿಗೆ ಮಲಗಿ ಎರಡು ಹೊದಿಕೆ ಒಂದರ ಮೇಲೊಂದು ಹಾಕ್ಕೊತಿದ್ವಿ. ಬೆಚ್ಚಗಾಗೋದು. ಯಾಕೆ ಅಂತ ಆಗ ಗೊತ್ತಿರಲಿಲ್ಲ. ಬೆಚ್ಚಗಿಡೋದು ಬಟ್ಟೆಯಲ್ಲ, ಎರಡು ಬಟ್ಟೆಯ ಮಧ್ಯೆ ಸಿಕ್ಕಿಬಿದ್ದ ಗಾಳಿ. ಬೆಟ್ಟದ ಬಟ್ಟೆಯ ಗುಟ್ಟೆಲ್ಲ ಇಷ್ಟೆ. ಒಂದು ದಪ್ಪನೆ ಕೋಟಿಗಿಂತ ಮೂರು ಪದರ ಒಳ್ಳೇದು. ಹತ್ತೋವಾಗ ಒಂದು ತೆಗೀಬಹುದು, ನಿಂತಾಗ ಒಂದು ಹಾಕಬಹುದು.

ಒಳಗಿನ ಪದರ ಬೆವರು ಹೀರಿ ಬೇಗ ಒಣಗೋದು. ಹತ್ತಿ ಬನಿಯನ್ ಬೇಡ, ಅದು ಒದ್ದೆಯಾದ್ರೆ ಒಣಗಲ್ಲ, ತಣ್ಣಗೆ ಮೈಗೆ ಅಂಟ್ಕೊಳ್ಳುತ್ತೆ. ಇದೇ ಕಾರಣಕ್ಕೆ ಜೀನ್ಸ್ ಕೂಡ ಬೇಡ. ಮಧ್ಯದ ಪದರ ಬಿಸಿ ಹಿಡಿಯೋದು, ಅಂದ್ರೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್, ಅದರ ಮೇಲೆ ಟೊಪ್ಪಿ ಇರೋ ದಪ್ಪ ಜಾಕೆಟ್. ಹೊರಗಿನ ಪದರ ಗಾಳಿ ಮಳೆ ತಡೆಯೋದು, ರೈನ್ ಜಾಕೆಟ್ ಮತ್ತೆ ಪ್ಯಾಂಟ್. ಮೂರೂ ಇರಬೇಕು, ಒಂದು ಇದ್ದು ಒಂದು ಇಲ್ಲ ಅಂದ್ರೆ ಉಪಯೋಗ ಇಲ್ಲ.

ಎರಡು ವರ್ಷದ ಹಿಂದೆ ನಮ್ಮ ಕಡೆಯ ಎಂಟು ಜನ ಹುಡುಗ ಹುಡುಗಿಯರ ಜೊತೆ ನಾನು ಹಂಪ್ತಾ ಪಾಸ್ ಹೋಗಿದ್ದೆ. ಹೊರಡೋ ಹತ್ತು ದಿನ ಮುಂಚೆ ಅಂಬೇಡ್ಕರ್ ಭವನದಲ್ಲಿ ಎಲ್ಲರ ಬ್ಯಾಗನ್ನೂ ಬಿಚ್ಚಿಸಿ ನೆಲದ ಮೇಲೆ ಹರಡಿಸಿದೆ. ನಾಚಿಕೆ ಅವರಿಗೆ. ಎರಡು ಜೀನ್ಸ್, ಮದುವೆಗೆ ಹೊಲಿಸಿದ ಕೋಟು, ಬೆಡ್‌ಶೀಟು. ಒಬ್ಬಳ ಬ್ಯಾಗಲ್ಲಿ ಅವರಮ್ಮ ಇಟ್ಟ ಕರೀ ಕಂಬಳಿ. ಹುಡುಗರು ನಕ್ಕರು. ನಾನು ನಗಬೇಡ್ರಿ ಅಂದೆ. ಕಂಬಳಿ ತಪ್ಪಲ್ಲ. ಉಣ್ಣೆ ಒದ್ದೆಯಾದ್ರೂ ಸ್ವಲ್ಪ ಬಿಸಿ ಹಿಡ್ಕೊಳ್ಳುತ್ತೆ, ಅದಕ್ಕೇ ಕುರಿ ಕಾಯೋರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕ್ಕೊಳ್ಳೋದು. ಆದರೆ ನೆಂದ್ರೆ ಅದರ ಭಾರ ಹೊತ್ತು ಹತ್ತೋಕೆ ಆಗಲ್ಲ. ಬ್ಯಾಗು ಒಟ್ಟು ಹತ್ತು ಹನ್ನೆರಡು ಕೆಜಿ ದಾಟಬಾರದು. ಕಂಬಳಿ ಬದಲು ಸ್ಲೀಪಿಂಗ್ ಬ್ಯಾಗ್ ಅಂತ ತೀರ್ಮಾನ ಆಯ್ತು.

ಏನು ಕೊಳ್ಳಬೇಕು, ಏನು ಬಾಡಿಗೆ ತಗೋಬೇಕು ಅಂತ ಪಟ್ಟಿ ಮಾಡಿದ್ವಿ. ಮೈಗೆ ಅಂಟೋದು, ಅಂದ್ರೆ ಥರ್ಮಲ್, ಸಾಕ್ಸ್ ಕೊಂಡ್ಕೊಳ್ಳಿ. ಶೂ ಕೂಡ ಕೊಳ್ಳಿ. ಒಂದು ತಿಂಗಳು ಮುಂಚೆ ಹಾಕಿ ಅಂತರಗಂಗೆ ಬೆಟ್ಟ ನಾಲ್ಕು ಸಲ ಹತ್ತಿ ಇಳೀರಿ, ಕಾಲಿಗೆ ಒಗ್ಗಬೇಕು. ಸ್ವೆಟರ್ ಟಿಬೆಟನ್ನರ ಅಂಗಡಿಯಲ್ಲಿ ಸಿಗುತ್ತೆ, ಚಳಿಗಾಲದಲ್ಲೇ ತಗೊಂಡಿಡಿ. ದಪ್ಪ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಮನಾಲಿಯಲ್ಲಿ ಬಾಡಿಗೆಗೆ ಸಿಗ್ತವೆ.

ಈ ಬಾಡಿಗೆ ಅನ್ನೋ ಮಾತಿಗೆ ಒಬ್ಬ ಹುಡುಗನ ಅಪ್ಪ ನಿಂತ್ಬಿಟ್ರು. ನನಗಿಂತ ಹತ್ತು ವರ್ಷ ದೊಡ್ಡೋರು, ಜೀವನ ಪೂರ್ತಿ ಕೂಲಿ ಮಾಡಿದವರು.

"ಬಾಡಿಗೆ ಕೋಟು ಅಂದ್ರೆ ಯಾರೋ ಹಾಕ್ಕಂಡು ಬಿಟ್ಟಿದ್ದು ತಾನೇನಪ್ಪ?" ಅಂದ್ರು.

"ಹೌದಣ್ಣ."

"ಬ್ಯಾಡ. ನಾನು ಗೌಡ್ರ ಮನೆ ಹಳೇ ಅಂಗಿ ಹಾಕ್ಕಂಡೇ ಬೆಳ್ದೋನು. ಹಬ್ಬಕ್ಕೂ ಅದೇ, ಮದ್ವೆಗೂ ಅದೇ. ನನ್ ಮಗ ಇನ್ನೊಬ್ರು ಬಿಟ್ಟಿದ್ದು ಹಾಕ್ಕಳ್ಳೋದ್ ಬ್ಯಾಡ. ಚಳಿಯಾದ್ರೆ ಆಗ್ಲಿ."

ಅವರ ಮಾತನ್ನ ತಳ್ಳಿಹಾಕೋ ಹಾಗಿರಲಿಲ್ಲ. ಚಂಡಾಲರು ಹೆಣದ ಮೇಲಿನ ಬಟ್ಟೆ ಹಾಕ್ಕೋಬೇಕು ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯ ಬರೆದಿಟ್ಟಿದೆ. ಅದೇ ಪುಸ್ತಕವನ್ನ 1927ರ ಡಿಸೆಂಬರ್ 25ರಂದು ಬಾಬಾಸಾಹೇಬರ ನಾಯಕತ್ವದಲ್ಲಿ ಮಹಾಡ್‌ನಲ್ಲಿ ಸುಟ್ಟರು. ಹಳೇ ಬಟ್ಟೆ ನಮಗೆ ಬರೀ ಹಳೇ ಬಟ್ಟೆ ಅಲ್ಲ. ನಮ್ಮ ಕೇರಿ ಕೇರಿಯಲ್ಲಿ ನಿಂತಿರೋ ಪ್ರತಿಮೆ ಮೈತುಂಬ ಸೂಟು ಹಾಕ್ಕೊಂಡು ನಿಂತಿರೋದು ಸುಮ್ನೆ ಅಲ್ಲ.

ಆದರೂ ಅವರಿಗೆ ಹೇಳ್ದೆ: "ಅಣ್ಣಾ, ಗೌಡ್ರು ಕೊಟ್ಟಿದ್ದನ್ನ ನೀವು ಬೇಡ ಅನ್ನೋ ಹಾಗಿರಲಿಲ್ಲ. ಹರಿದಿದೆ ಅಂತ ಹೇಳೋ ಹಾಗೂ ಇರಲಿಲ್ಲ. ಇಲ್ಲಿ ನಿಮ್ಮ ಮಗ ದುಡ್ಡು ಕೊಟ್ಟು, ರಸೀದಿ ತಗೊಂಡು, ಜಿಪ್ಪು ಸರಿಯಿಲ್ಲ ಬೇರೆ ಕೊಡು ಅಂತ ಕೇಳ್ತಾನೆ. ಡಾಕ್ಟರ ಮಗ ಬಂದ್ರೂ ಅದೇ ಕೋಟು, ಅದೇ ಬಾಡಿಗೆ. ಇಲ್ಲಿ ಯಾರ ಋಣವೂ ಇಲ್ಲ." ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಎರಡು ದಿನ ಬಿಟ್ಟು ಮಗನ ಕೈಲಿ ದುಡ್ಡು ಕಳಿಸಿದ್ರು. ಹೊಸಾ ಸ್ವೆಟರ್‌ಗೆ. ಜಾಕೆಟ್ ಬೇಕಾದ್ರೆ ಬಾಡಿಗೆ, ಒಳಗಿರೋದಾದ್ರೂ ಹೊಸದಿರಲಿ ಅಂತ. ನನಗೆ ಅದು ಸರಿ ಅನ್ನಿಸ್ತು.

ಆ ಸ್ವೆಟರೇ ಆಮೇಲೆ ಕೆಲಸಕ್ಕೆ ಬಂತು. ಎರಡನೇ ದಿನ ಚೀಕಾದಿಂದ ಬಾಲೂ ಕಾ ಘೇರಾ ಕ್ಯಾಂಪಿಗೆ ನಡೆಯೋವಾಗ ಮಳೆ ಹಿಡ್ಕೊಂಡ್ತು. ಕ್ಯಾಂಪು ತಲುಪಿದಾಗ ಎಲ್ಲರೂ ಟೆಂಟಿನೊಳಗೆ ಹೋದ್ರೆ ಈ ಹುಡುಗ ಹೊರಗಡೆ ನಿಂತಿದ್ದ. ಏನೂ ಆಗಿಲ್ಲಣ್ಣಾ ಅಂದ. ಆದರೆ ಮಾತು ತೊದಲ್ತಿತ್ತು, ಶೂ ಲೇಸ್ ಬಿಚ್ಚೋಕೆ ಬೆರಳು ಬರ್ತಿರಲಿಲ್ಲ. ಇದನ್ನ ಎಲ್ಲರೂ ನೆನಪಿಟ್ಕೊಳ್ಳಿ. ನಡುಗೋದು, ತೊದಲೋದು, ಎಡವೋದು, ಮಂಕಾಗೋದು, ಇವು ಹೈಪೋಥರ್ಮಿಯಾದ ಗುರುತು. ನಡುಗ್ತಿದ್ದೋನು ಬೆಚ್ಚಗಾಗದೇನೇ ನಡುಗೋದು ನಿಲ್ಲಿಸಿದ್ರೆ ಗುಣ ಆಯ್ತು ಅಂತಲ್ಲ, ಇನ್ನೂ ಕೆಟ್ಟಿದೆ ಅಂತ. ಅದಕ್ಕೆ ಸೊನ್ನೆ ಡಿಗ್ರಿ ಕೂಡ ಬೇಕಿಲ್ಲ. ಐದೋ ಎಂಟೋ ಡಿಗ್ರಿಯಲ್ಲಿ, ಒದ್ದೆ ಬಟ್ಟೆ, ಗಾಳಿ, ಖಾಲಿ ಹೊಟ್ಟೆ ಸೇರಿದ್ರೆ ಸಾಕು.

ಒದ್ದೆ ಬಟ್ಟೆ ಪೂರ್ತಿ ಬಿಚ್ಚಿಸಿ, ಒಣಗಿದ ಥರ್ಮಲ್, ಆ ಹೊಸಾ ಸ್ವೆಟರ್, ಮಂಕಿ ಕ್ಯಾಪ್ ಹಾಕಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿದ್ವಿ. ಬಾಟಲಿಗೆ ಬಿಸಿನೀರು ತುಂಬಿ ಸಾಕ್ಸ್ ಸುತ್ತಿ ಎದೆ ಹತ್ರ ಇಟ್ವಿ. ಬೆಲ್ಲ ಹಾಕಿದ ರಾಗಿ ಹುರಿಹಿಟ್ಟು ಬಿಸಿಯಾಗಿ ಕಲಸಿ ಕುಡಿಸಿದ್ವಿ. ಇಬ್ಬರು ಆ ಕಡೆ ಈ ಕಡೆ ಅಂಟ್ಕೊಂಡು ಮಲಗಿದ್ರು. ಒಂದು ಗಂಟೆ ಬಿಟ್ಟು "ಊಟ ಆಯ್ತಾ?" ಅಂತ ಕೇಳಿದ. ಆಗ ನನಗೆ ಜೀವ ಬಂತು. ಯಾಕೋ ಚಳಿ ಅಂತ ಮೊದಲೇ ಹೇಳಲಿಲ್ಲ ಅಂದ್ರೆ, "ಹುಡುಗೀರೇ ಸುಮ್ನಿದ್ರು, ನಾನು ಹೆಂಗಣ್ಣ ಹೇಳೋದು" ಅಂದ.

ನೋಡಿ, ಗಟ್ಟಿ ಮೈ ಅನ್ನೋ ಸುಳ್ಳು ನಮ್ಮವನ ಬಾಯನ್ನ ಹೀಗೆ ಮುಚ್ಚಿಸುತ್ತೆ.

ಅವನು ಬಚಾವಾಗಿದ್ದು ಒಂದು ಜೊತೆ ಬಟ್ಟೆ ಒಣಗಿದ್ದು ಇದ್ದಿದ್ದರಿಂದ. ಆದ್ದರಿಂದ ಈ ಒಂದು ನಿಯಮ ತಪ್ಪಿಸಬೇಡಿ: ರಾತ್ರಿ ಮಲಗೋ ಥರ್ಮಲ್, ಸ್ವೆಟರ್, ಉಣ್ಣೆ ಸಾಕ್ಸ್ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಎಷ್ಟೇ ಆಸೆಯಾದ್ರೂ ಹಗಲು ನಡೆಯೋವಾಗ ಅದನ್ನ ಹಾಕಬೇಡಿ. ಬೆಳಿಗ್ಗೆ ಒದ್ದೆ ಬಟ್ಟೇನೇ ಮತ್ತೆ ಹಾಕ್ಕೊಂಡು ನಡೀರಿ, ಐದು ನಿಮಿಷ ಬೈಕೊಳ್ತೀರಿ, ಆಮೇಲೆ ಮೈ ಬಿಸಿಯಾಗುತ್ತೆ.

ಗ್ಲೌಸ್ ಎರಡು ಜೊತೆ ಇರಲಿ. ಪಾಸ್ ಹತ್ತೋವಾಗ ಹಿಮಕ್ಕೆ ಕೈ ಊರಿ ಒಂದು ಜೊತೆ ನೆನೆದೇ ನೆನೆಯುತ್ತೆ. ನಡೆಯೋಕೆ ಮೂರು ಜೊತೆ ಸಾಕ್ಸ್. ಶಿಯಾ ಗೋರು ಕ್ಯಾಂಪಿನಿಂದ ಬೆಳಿಗ್ಗೆ ಹೊರಟ ಕೂಡ್ಲೇ ಹಿಮ ಕರಗಿದ ನೀರಿನ ಹೊಳೆ ದಾಟಬೇಕು, ಕಾಲು ಇದೆಯೋ ಇಲ್ವೋ ಗೊತ್ತಾಗಲ್ಲ. ಅದಕ್ಕೆ ಚಪ್ಪಲಿ ಬೇರೆ, ಒರೆಸ್ಕೊಳ್ಳೋಕೆ ಟವೆಲ್ ಬೇರೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ನಂಬರ್ ಬರೆದಿದ್ರೆ "ಕಂಫರ್ಟ್" ಅನ್ನೋದನ್ನ ನೋಡಿ ತಗೊಳ್ಳಿ, "ಲಿಮಿಟ್" ನೋಡಿ ಅಲ್ಲ. ಲಿಮಿಟ್ ಅಂದ್ರೆ ಮುದುರ್ಕೊಂಡು ಹೇಗೋ ರಾತ್ರಿ ಕಳೆಯೋ ಚಳಿ. ಕೆಳಗೆ ಮ್ಯಾಟ್ ಹಾಸದೆ ಮಲಗಬೇಡಿ, ನೆಲ ಮೈ ಬಿಸಿ ಎಳ್ಕೊಳ್ಳುತ್ತೆ. ರಮ್ ಕುಡಿದ್ರೆ ಬೆಚ್ಚಗಾಗುತ್ತೆ ಅನ್ನೋರ ಮಾತು ಕೇಳಬೇಡಿ. ಕುಡಿದಾಗ ಚರ್ಮದ ರಕ್ತನಾಳ ಅಗಲವಾಗಿ ಬಿಸಿ ಅನ್ನಿಸುತ್ತೆ, ಆದರೆ ಒಳಗಿನ ಬಿಸಿ ಹೊರಗೆ ಹೋಗ್ತಿರುತ್ತೆ.

ಇನ್ನೊಂದು ಮಾತು ಹೇಳ್ಲೇಬೇಕು. ಪಾಸ್ ದಾಟಿದ ದಿನ ನಮ್ಮ ಸಾಮಾನು ಹೊತ್ತ ಹೆಲ್ಪರ್ ಒಬ್ಬ, ಇಪ್ಪತ್ತು ವರ್ಷ ಇರಬಹುದು, ತೆಳ್ಳನೆ ಶೂ, ಬರಿಗೈ. ಬೇರೆ ತಂಡದ ಒಬ್ಬರು ಅವನನ್ನ ನೋಡಿ "ಇವರಿಗೆಲ್ಲ ಅಭ್ಯಾಸ, ಚಳಿ ಆಗಲ್ಲ" ಅಂದ್ರು. ನಮ್ಮ ಕಂಬಳಿ ಹುಡುಗಿ ನನ್ನ ಕಡೆ ತಿರುಗಿ, "ಅಣ್ಣಾ, ಈ ಮಾತು ನಮ್ಮೂರಲ್ಲೂ ಕೇಳಿದ್ದೀನಲ್ವಾ?" ಅಂದ್ಲು.

ಅವಳಿಗೆ ಏನಾದ್ರೂ ಕೊಡಬೇಕು ಅನ್ನಿಸ್ತು. ಹಾಕಿ ತೆಗೆದ ಗ್ಲೌಸ್ ಕೊಡೋಕೆ ಮನಸ್ಸು ಒಪ್ಪಲಿಲ್ಲ. "ಹಳೇದು ಕೊಟ್ರೆ ನಾವೂ ಗೌಡ್ರಾಗಲ್ವಾ ಅಣ್ಣಾ?" ಕೊನೆಗೆ ಇನ್ನೂ ಲೇಬಲ್ ಕೀಳದ ಎರಡನೇ ಜೊತೆ ಕೊಟ್ಲು. ಅವನು ತಗೊಂಡು ನಕ್ಕ, ಹಾಕ್ಕೊಳ್ಳಲಿಲ್ಲ, ಜೇಬಿಗಿಟ್ಕೊಂಡ. ಯಾರಿಗೆ ಎತ್ತಿಟ್ನೋ. ಒಂದು ಜೊತೆ ಗ್ಲೌಸ್‌ನಿಂದ ನ್ಯಾಯ ಸಿಗಲ್ಲ ಅಂತ ಅವಳಿಗೂ ಗೊತ್ತು. ಆದ್ದರಿಂದ ನೀವು ಯಾವ ಕಂಪನಿ ಜೊತೆ ಹೋದ್ರೂ ದುಡ್ಡು ಕಟ್ಟೋ ಮುಂಚೆ ಕೇಳಿ: ಸಾಮಾನು ಹೊರೋರಿಗೆ ಜಾಕೆಟ್, ಶೂ, ಗ್ಲೌಸ್, ಮಲಗೋಕೆ ಟೆಂಟು ಯಾರು ಕೊಡ್ತಾರೆ? ಬರವಣಿಗೆಯಲ್ಲಿ ಉತ್ತರ ಕೇಳಿ. ನಮ್ಮ ಚಳಿ ಬಗ್ಗೆ ಮಾತಾಡೋ ನಾವು ಅವರ ಚಳಿ ಬಗ್ಗೆ ಸುಮ್ಮನಿದ್ರೆ ಜೈಭೀಮ್ ಅನ್ನೋಕೆ ನಮಗೆ ಬಾಯಿರಬಾರದು.

ಬೆಟ್ಟ ನಮಗಲ್ಲ, ದುಡ್ಡಿರೋರ ಶೋಕಿ ಅನ್ನೋರಿಗೆ 2014ರ ಮೇ 25 ನೆನಪಿಸ್ತೀನಿ. ಅವತ್ತು ಎವರೆಸ್ಟ್ ತುದಿಯಲ್ಲಿ ನಿಂತವರು ತೆಲಂಗಾಣದ ಇಬ್ಬರು ಮಕ್ಕಳು. ಆದಿವಾಸಿ ಹುಡುಗಿ ಮಾಲಾವತ್ ಪೂರ್ಣಾ, ವಯಸ್ಸು ಹದಿಮೂರು. ದಲಿತ ಹುಡುಗ ಆನಂದ್ ಕುಮಾರ್. ಇಬ್ಬರೂ ಸಮಾಜ ಕಲ್ಯಾಣ ವಸತಿ ಶಾಲೆಯ ಮಕ್ಕಳು. ಅವರನ್ನ "ಗಟ್ಟಿ ಮೈ" ನಂಬಿ ಯಾರೂ ಕಳಿಸಲಿಲ್ಲ. ಭುವನಗಿರಿ ಬಂಡೆ ಮೇಲೆ, ಡಾರ್ಜಿಲಿಂಗ್‌ನಲ್ಲಿ, ಲಡಾಖಿನ ಚಳಿಯಲ್ಲಿ ತಿಂಗಳುಗಟ್ಟಲೆ ತರಬೇತಿ ಕೊಟ್ಟರು. ಬೇಕಾದ ಸಲಕರಣೆ, ಬೇಕಾದ ಬಟ್ಟೆ ಕೊಟ್ಟರು. ಕೊಡಬೇಕಾದ್ದನ್ನ ಕೊಟ್ರೆ ನಮ್ಮ ಮಕ್ಕಳು 8,848 ಮೀಟರ್ ಹತ್ತುತ್ತಾರೆ. ಕೊಡದೇನೆ ಅವರ ಮೈ ಹೊಗಳೋರನ್ನ ನಂಬಬೇಡಿ.

ಕೊನೆಗೆ ಒಂದು ಕೆಲಸದ ಮಾತು. ನಾವು ವಾಪಸ್ ಬಂದ ಮೇಲೆ ಆ ಎಂಟು ಜನ ಸೇರಿ ತಿಂಗಳಿಗಿಷ್ಟು ಅಂತ ದುಡ್ಡು ಹಾಕಿ ಸಾಮಾನು ಕೊಳ್ಳೋಕೆ ಶುರು ಮಾಡಿದ್ರು. ಈಗ ಆರು ಜಾಕೆಟ್, ನಾಲ್ಕು ಸ್ಲೀಪಿಂಗ್ ಬ್ಯಾಗ್, ಐದು ರೈನ್ ಸೂಟ್ ಇವೆ, ಎಲ್ಲ ಹೊಸದಾಗಿ ಕೊಂಡಿದ್ದು. ನಮ್ಮ ಮನೆ ಅಲ್ಮೇರಾದಲ್ಲಿವೆ, ರಿಜಿಸ್ಟರ್ ನಾನು ಬರೀತೀನಿ. ಹೋಗೋರು ಬಂದು ಸಹಿ ಮಾಡಿ ತಗೊಂಡು ಹೋಗಿ. ಬಾಡಿಗೆ ಇಲ್ಲ. ವಾಪಸ್ ಕೊಡೋವಾಗ ಒಗೆದು, ಬಿಸಿಲಿಗೆ ಒಣಗಿಸಿ ಕೊಡಿ. ಜಿಪ್ಪು ಹಾಳಾಗಿದ್ರೆ ಮುಚ್ಚಿಡಬೇಡಿ, ರಿಜಿಸ್ಟರ್‌ನಲ್ಲಿ ಬರೆಸಿ, ಮುಂದಿನೋರು ಚಳಿಯಲ್ಲಿ ಸಿಕ್ಕಿಹಾಕ್ಕೋಬಾರದು. ದಾನ ಕೊಡೋರಿದ್ರೆ ಹಳೇದು ಬೇಡ, ಹೊಸದು ಕೊಡಿ. ಇಲ್ಲಾಂದ್ರೆ ಕಾಮೆಂಟಲ್ಲಿ ಒಂದು ಜೈಭೀಮ್ ಹಾಕಿ, ಅಷ್ಟೇ ಸಾಕು.

ಮತ್ತೆ, ಚಳಿಯಾದ್ರೆ ಚಳಿ ಆಗ್ತಿದೆ ಅಂತ ಬಾಯಿಬಿಟ್ಟು ಹೇಳಿ.

ಜೈಭೀಮ್.